ಒಂಟಿ ಆಸನದ ಋಣ

ನಮ್ಮ ಮನೆಗಳಲ್ಲಿ ‘ಸೀಟು’ ಎಂಬ ಮಾತಿಗೆ ಇರುವಷ್ಟು ಭಾರ ಇನ್ನಾವ ಎರವಲು ಮಾತಿಗೂ ಇಲ್ಲವೆಂದು ಕಾಣುತ್ತದೆ. ಮೇ ತಿಂಗಳು ಮುಗಿಯುತ್ತ ಬಂದಂತೆ, ಇಬ್ಬರು ಕನ್ನಡಿಗರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಬರುವ ಪ್ರಶ್ನೆ ‘ಸೀಟು ಸಿಕ್ಕಿತೇ?’ ಎಂಬುದು. ಹೊರನಾಡಿನಲ್ಲಿರುವ ನಮಗೆ ಈ ಚಿಂತೆ ಒಂದು ಪಾಲು ಹೆಚ್ಚೇ. ಮಗು ಹುಟ್ಟಿದ್ದು ಧಾರವಾಡದಲ್ಲಿ, ಓದಿದ್ದು ಪುಣೆಯಲ್ಲಿ. ಮನೆಮಾತು ಕನ್ನಡ, ಬೀದಿಯ ಮಾತು ಮರಾಠಿ. ಅರ್ಜಿಯ ಯಾವ ಕಲಮಿನಲ್ಲಿ ಅದನ್ನು ಕೂರಿಸಬೇಕೆಂಬುದು ತಿಳಿಯದೆ ತಂದೆ ಎರಡು ರಾಜ್ಯಗಳ ಕಚೇರಿಗಳನ್ನು ಅಲೆಯುತ್ತಾನೆ. ಕೊನೆಗೆ ಸೀಟು ಸಿಕ್ಕಿದಾಗ ‘ನಮ್ಮ ಹುಡುಗನ ಯೋಗ್ಯತೆ’ ಎನ್ನುತ್ತೇವೆ. ಅದೇ ಪಕ್ಕದ ಮನೆಯವನಿಗೆ ಸಿಕ್ಕಿದರೆ ‘ಅವರಿಗೇನು, ದುಡ್ಡಿದೆ’ ಎನ್ನುತ್ತೇವೆ.

ಈ ಎರಡು ಮಾತುಗಳಲ್ಲಿ ಯಾವುದು ನಿಜ? ನಮ್ಮ ಅಂಗಳದಲ್ಲಿಯೇ ನಿಂತು ಈ ಪ್ರಶ್ನೆ ಕೇಳಿಕೊಂಡರೆ ಮಮಕಾರ ಅಡ್ಡ ಬರುತ್ತದೆ. ಆದುದರಿಂದ ಸ್ವಲ್ಪ ದೂರದ ಒಂದು ವೃತ್ತಿಯನ್ನು ತೆಗೆದುಕೊಂಡು ನೋಡೋಣ. ಅಲ್ಲಿ ಸೀಟು ಎಂಬುದು ಅಕ್ಷರಶಃ ಸೀಟೇ: ನಾಲ್ಕು ಬಯಲು ಚಕ್ರಗಳ ನಡುವೆ ಒಬ್ಬನೇ ಒಬ್ಬ ಮೈಯೊಡ್ಡಿ ಮಲಗಿದಂತೆ ಕೂರುವ ಕಿರಿದಾದ ಗೂಡು. ಒಂಟಿ ಆಸನದ ಮೋಟಾರು ಓಟವೆಂದು ನಾನು ಹೇಳುತ್ತಿರುವುದು ಇದನ್ನೇ. ಮೋಟಾರು ನಮ್ಮ ಊರಿಗೆ ಹೊಸದಲ್ಲ. ಪಿಂಪ್ರಿ-ಚಿಂಚವಡದಿಂದ ಚಾಕಣದವರೆಗೆ ನಮ್ಮವರು ಎಷ್ಟೋ ಮಂದಿ ಅದರ ಬಿಡಿಭಾಗಗಳ ನಡುವೆಯೇ ಬದುಕು ಸವೆಸಿದ್ದಾರೆ. ವಾಹನಗಳನ್ನು ಪರೀಕ್ಷಿಸುವ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ 1966ರಲ್ಲಿ ಸ್ಥಾಪನೆಯಾಗಿ ಈ ಊರಿನಲ್ಲೇ ನೆಲೆಸಿದೆ. ಕಾರನ್ನು ಬಲ್ಲವರಿಗೆ ಕಾರಿನ ಮೂಲಕ ಒಂದು ಧರ್ಮಸೂಕ್ಷ್ಮವನ್ನು ವಿಚಾರಿಸುವುದು ಕಷ್ಟವಾಗಲಾರದು.

ಈ ವೃತ್ತಿಯ ಮೆಟ್ಟಿಲುಗಳು ಹೀಗಿವೆ. ಏಳೆಂಟು ವರ್ಷದ ಹುಡುಗ ಮೊದಲು ‘ಕಾರ್ಟ್’ ಎಂಬ ಪುಟ್ಟ ಬಂಡಿಯನ್ನು ಓಡಿಸುತ್ತಾನೆ. ಹದಿನೈದು ದಾಟಿದ ಮೇಲೆ ಫಾರ್ಮುಲಾ 4, ಆಮೇಲೆ 3, ಆಮೇಲೆ 2. ತುದಿಯಲ್ಲಿ ಫಾರ್ಮುಲಾ 1. 2025ರವರೆಗೆ ಆ ತುದಿಯಲ್ಲಿದ್ದ ಆಸನಗಳು ಜಗತ್ತಿಗೆಲ್ಲ ಸೇರಿ 20; 2026ರಿಂದ 22. ಇಲ್ಲಿಯವರೆಗೆ ಆ ಆಸನದಲ್ಲಿ ಕುಳಿತು ಸ್ಪರ್ಧಿಸಿದ ಭಾರತೀಯರು ಇಬ್ಬರೇ: 2005ರಲ್ಲಿ ಕೊಯಮತ್ತೂರಿನ ನಾರಾಯಣ ಕಾರ್ತಿಕೇಯನ್, 2010ರಲ್ಲಿ ಚೆನ್ನೈನ ಕರುಣ್ ಚಂಧೋಕ್. ಕೆಳಗಿನ ಮೆಟ್ಟಿಲುಗಳ ವಿಚಿತ್ರವೆಂದರೆ, ಅಲ್ಲಿ ದುಡಿಯುವವನಿಗೆ ಸಂಬಳ ಬರುವುದಿಲ್ಲ. ದುಡಿಯುವುದಕ್ಕಾಗಿ ಅವನೇ ಹಣ ತರಬೇಕು. ಯೂರೋಪಿನಲ್ಲಿ ಫಾರ್ಮುಲಾ 2ರ ಒಂದು ವರ್ಷಕ್ಕೆ 20 ಕೋಟಿ ರೂಪಾಯಿಯ ಆಸುಪಾಸಿನ ವೆಚ್ಚವಾಗುತ್ತದೆ. ಪ್ರಾಯೋಜಕರು ದೊರೆಯದಿದ್ದರೆ ಅದು ಮನೆಯ ಗಂಟಿನಿಂದಲೇ ಹೋಗಬೇಕು.

ನಮ್ಮ ನಾಡಿನಿಂದ ಈ ಮೆಟ್ಟಿಲನ್ನು ಬಹು ಎತ್ತರಕ್ಕೆ ಹತ್ತಿದವರು ಬೆಂಗಳೂರಿನ ಅಣ್ಣತಮ್ಮಂದಿರಿಬ್ಬರು. ಅಣ್ಣ ಅರ್ಜುನ್ ಮೈನಿ 1997ರಲ್ಲಿ ಹುಟ್ಟಿದವರು. 2017ರಲ್ಲಿ ಜಿಪಿ3 ಎಂಬ ಶ್ರೇಣಿಯಲ್ಲಿ, ಬಾರ್ಸಿಲೋನದಲ್ಲಿ, ಒಂದು ಓಟ ಗೆದ್ದರು. 2018ರಲ್ಲಿ ಫಾರ್ಮುಲಾ 2ರಲ್ಲಿ ಓಡಿದರು. ಅಲ್ಲಿಂದ ಮುಂದಿನ ಬಾಗಿಲು ತೆರೆಯದೆ ಜರ್ಮನಿಯ ಮುಚ್ಚುಕಾರುಗಳ ಓಟಕ್ಕೆ ಹೊರಳಿದರು. ತಮ್ಮ ಕುಶ್ ಮೈನಿ 2000ದಲ್ಲಿ ಹುಟ್ಟಿದವರು. 2023ರಿಂದ ಫಾರ್ಮುಲಾ 2ರಲ್ಲಿ ಓಡಿ, 2025ರ ಮೇ 24ರಂದು ಮೊನಾಕೊದ ಬೀದಿಗಳಲ್ಲಿ ನಡೆದ ಕಿರು ಓಟವನ್ನು ಗೆದ್ದರು. ಆ ಶ್ರೇಣಿಯಲ್ಲಿ ಮೊನಾಕೊದಲ್ಲಿ ಗೆದ್ದ ಮೊದಲ ಭಾರತೀಯರು ಅವರೇ. ಮನೆತನ ಬೆಂಗಳೂರಿನ ಹೆಸರಾಂತ ಉದ್ಯಮಿಗಳದು. ತಂದೆ ಗೌತಮ್ ಮೈನಿ. ತಂದೆಯ ಸೋದರ ಚೇತನ್ ಮೈನಿ, 2001ರಲ್ಲಿ ‘ರೇವಾ’ ಎಂಬ ವಿದ್ಯುತ್ ಕಾರನ್ನು ರಸ್ತೆಗಿಳಿಸಿದವರು. ಈಗ ಪ್ರಶ್ನೆ ಕೇಳಬಹುದು. ಮೊನಾಕೊದ ಆ ಗೆಲುವು ಯಾರದು? ಓಡಿಸಿದವನದೇ, ಓಡಿಸುವ ಸ್ಥಾನವನ್ನು ಅವನಿಗೆ ಒದಗಿಸಿದ ಮನೆಯದೇ?

‘ದುಡ್ಡಿನ ಆಟ ಸ್ವಾಮಿ’ ಎಂದು ತಳ್ಳಿಹಾಕುವವರ ಮಾತನ್ನು ಮೊದಲು ಪರಿಶೀಲಿಸೋಣ. ಫಾರ್ಮುಲಾ 2ರಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾರು: ಡಲ್ಲಾರಾ ಕಂಪನಿಯ ಚೌಕಟ್ಟು, ಮೆಕಾಕ್ರೋಮ್ ಎಂಜಿನ್ನು, ಪಿರೆಲಿ ಟಯರು. ಒಳಗೆ ಹೋದ ಮೇಲೆ ಹೆಚ್ಚು ಹಣ ತಂದವನಿಗೆ ಹೆಚ್ಚು ಬಲದ ಎಂಜಿನ್ನು ಎಂಬುದಿಲ್ಲ. ಸೆಕೆಂಡನ್ನು ಸಾವಿರ ಚೂರು ಮಾಡಿ ಅಳೆಯುವ ಗಡಿಯಾರಕ್ಕೆ ಯಾರ ಮಗನೆಂಬುದು ಕಾಣದು. ಕೆನಡಾದ ಲಾರೆನ್ಸ್ ಸ್ಟ್ರೋಲ್ ಎಂಬ ಧನಿಕ 2018ರಲ್ಲಿ ತನ್ನ ಕೂಟದೊಡನೆ ಒಂದು ತಂಡವನ್ನೇ ಕೊಂಡುಕೊಂಡನು. ಮರುವರ್ಷದಿಂದ ಮಗ ಲ್ಯಾನ್ಸ್ ಆ ತಂಡದಲ್ಲಿ ಓಡಿದನು. ಅಪ್ಪನ ದುಡ್ಡೆಂದು ಜಗತ್ತು ನಕ್ಕಿತು. ಆದರೆ 2020ರಲ್ಲಿ ತುರ್ಕಿಯಲ್ಲಿ, ಮಳೆಗೆ ನೆಂದು ಗಾಜಿನಂತಾಗಿದ್ದ ಹಾದಿಯಲ್ಲಿ, ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದವನು ಅವನೇ. ಮಳೆಯ ಮೇಲೆ ಅಪ್ಪನ ಪ್ರಭಾವ ನಡೆಯುವುದಿಲ್ಲವಷ್ಟೆ.

ಹಣ ಪ್ರಾಣಕ್ಕೂ ರಿಯಾಯಿತಿ ಕೊಡಿಸುವುದಿಲ್ಲ. 2017ರಲ್ಲಿ ಅರ್ಜುನ್ ಮೈನಿಯವರು ಓಡಿದ ಜಿಪಿ3 ಶ್ರೇಣಿಯಲ್ಲಿಯೇ ಓಡಿದ್ದ ಫ್ರಾನ್ಸಿನ ಆಂಟ್ವಾನ್ ಯುಬೇರ್, 2019ರ ಆಗಸ್ಟ್ 31ರಂದು ಬೆಲ್ಜಿಯಂನ ಸ್ಪಾ ಹಾದಿಯಲ್ಲಿ ಫಾರ್ಮುಲಾ 2 ಓಟ ನಡೆದಿರುವಾಗಲೇ ಅಪಘಾತದಲ್ಲಿ ತೀರಿಕೊಂಡನು. ವಯಸ್ಸು 22. ತಂದೆ ಆಸನವನ್ನು ಕೊಡಿಸಬಲ್ಲನು. ತಿರುವಿನಲ್ಲಿ ಮಗನ ಬದಲು ತಾನು ಕೂರಲಾರನು. ಆದುದರಿಂದ ‘ಬರೀ ದುಡ್ಡು’ ಎನ್ನುವುದು ಅಸೂಯೆಯ ಮಾತೇ ಹೊರತು ವಿವೇಕದ ಮಾತಲ್ಲ. ಮೊನಾಕೊದಲ್ಲಿ ಗೋಡೆಗೆ ಅಂಗುಲದಂತರದಲ್ಲಿ ಕಾರನ್ನು ನಡೆಸಿದ ಕೈ ಕುಶ್ ಮೈನಿಯವರದೇ.

ಇನ್ನು ‘ಎಲ್ಲವೂ ಯೋಗ್ಯತೆ’ ಎನ್ನುವವರ ಮಾತು. ವಿಜಯ ಮಲ್ಯರ ಒಡೆತನದ ಫೋರ್ಸ್ ಇಂಡಿಯಾ ತಂಡ 2011ರಲ್ಲಿ ನಮ್ಮ ದೇಶದಲ್ಲಿ ಎಳೆಯ ಚಾಲಕರ ಶೋಧವೊಂದನ್ನು ನಡೆಸಿತು. ಅದಕ್ಕೆ ಅವರಿಟ್ಟ ಇಂಗ್ಲಿಷ್ ಹೆಸರಿನ ಅರ್ಥ ‘ನೂರು ಕೋಟಿಯಲ್ಲಿ ಒಬ್ಬ’ ಎಂದು. ಆಯ್ಕೆಯಾದವರಲ್ಲಿ ಅರ್ಜುನ್ ಮೈನಿಯವರೂ ಇದ್ದರು, ಮುಂಬೈಯ ಜೆಹಾನ್ ದಾರುವಾಲಾ ಅವರೂ ಇದ್ದರು. ಶೋಧ ವ್ಯರ್ಥವಾಗಲಿಲ್ಲ, ದಾರುವಾಲಾ 2020ರ ಡಿಸೆಂಬರಿನಲ್ಲಿ ಫಾರ್ಮುಲಾ 2ರ ಓಟ ಗೆದ್ದ ಮೊದಲ ಭಾರತೀಯರಾದರು. ಆದರೆ ಆ ಹೆಸರನ್ನು ಒಂದು ಗಳಿಗೆ ಯೋಚಿಸಿ. 2011ರ ಜನಗಣತಿಯಂತೆ ನಾವು 121 ಕೋಟಿ. ಅವರಲ್ಲಿ ಕಾರ್ಟ್ ಬಂಡಿಯನ್ನು ಕಣ್ಣಿನಿಂದ ಕಂಡ ಮಕ್ಕಳೆಷ್ಟು? ಅದರ ಮೇಲೆ ಕೂತವರೆಷ್ಟು? ಯಾದಗಿರಿಯ ಹಳ್ಳಿಯೊಂದರಲ್ಲಿ, ಅಥವಾ ನಮ್ಮ ಪುಣೆಯ ಹಡಪಸರದ ಓಣಿಯೊಂದರಲ್ಲಿ, ಇವರೆಲ್ಲರಿಗಿಂತ ಚುರುಕು ಕಣ್ಣಿನ, ನೆಟ್ಟ ಕೈಯ ಹುಡುಗಿಯೊಬ್ಬಳು ಇದ್ದಿರಬಹುದು. ಅವಳು ಸೋಲಲಿಲ್ಲ, ಅವಳನ್ನು ಯಾರೂ ಕರೆಯಲೇ ಇಲ್ಲ. ಗಡಿಯಾರ ನಿಷ್ಪಕ್ಷಪಾತಿ ನಿಜ, ಆದರೆ ಹಾದಿಗೆ ಬಂದವರನ್ನು ಮಾತ್ರ ಅದು ಅಳೆಯುತ್ತದೆ.

ಇಲ್ಲಿ ನಮ್ಮ ಊರಿನ ಹಿರಿಯರೊಬ್ಬರ ನೆನಪಾಗದಿರದು. ಗದಗಿನ ಭೀಮಸೇನ ಜೋಶಿಯವರು 11ನೆಯ ವಯಸ್ಸಿನಲ್ಲಿ ಗುರುವನ್ನರಸಿ ಮನೆಬಿಟ್ಟು ಹೊರಟರು. ಕೈಯಲ್ಲಿ ಕಾಸಿರಲಿಲ್ಲ. ಆದರೆ ಕಂಠವಿತ್ತು, ರೈಲಿನಲ್ಲಿ ಹಾಡುತ್ತ ಉತ್ತರ ಹಿಂದುಸ್ಥಾನವನ್ನೆಲ್ಲ ಸುತ್ತಿ, ಕೊನೆಗೆ ತಮ್ಮ ಸೀಮೆಯಲ್ಲೇ, ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತರು. ಕಂಠವನ್ನು ಒರೆಗೆ ಹಚ್ಚಲು ಬಾಯಿ ತೆರೆದರೆ ಸಾಕು. ಮೋಟಾರು ಓಟದ ಪ್ರತಿಭೆಗೆ ಆ ಅನುಕೂಲವಿಲ್ಲ. ಕೋಟಿ ಬೆಲೆಯ ವಾದ್ಯ ಕೈಗೆ ಬರುವ ತನಕ ಅದು ಇದೆಯೆಂಬುದೇ ಅದರ ಒಡೆಯನಿಗೆ ಗೊತ್ತಾಗದು. ಇಂಗ್ಲೆಂಡಿನ ಲೂಯಿಸ್ ಹ್ಯಾಮಿಲ್ಟನ್‌ರಂಥವರು ಬಡತನದ ಮಗ್ಗುಲಿನಿಂದ ಬಂದದ್ದುಂಟು. ತಂದೆ ಒಂದೇ ಕಾಲಕ್ಕೆ ಎರಡು ಮೂರು ಕೆಲಸ ಮಾಡಿ ಕಾರ್ಟ್ ಕೊಡಿಸಿದರು. 1998ರಲ್ಲಿ ಮೆಕ್‌ಲಾರೆನ್ ತಂಡ 13 ವರ್ಷದ ಹುಡುಗನ ಹೊಣೆ ಹೊತ್ತಿತು. ಮುಂದೆ ಆತ ಏಳು ಬಾರಿ ವಿಶ್ವವಿಜೇತನಾದನು. ಆದರೆ ಆ ಕಥೆಯನ್ನು ಜನ ಅಷ್ಟು ಸಲ ಹೇಳುವುದೇ ಅದು ಅಪರೂಪವೆಂಬುದಕ್ಕೆ ಸಾಕ್ಷಿ.

ಹಣವಲ್ಲದೆ ದೈವವೆಂಬುದೂ ಒಂದಿದೆ. 2024ರ ಜುಲೈಯಲ್ಲಿ ಹಂಗೆರಿಯಲ್ಲಿ ಕುಶ್ ಮೈನಿಯವರು ಗುರಿ ಮುಟ್ಟಿದ್ದು ಎರಡನೆಯವರಾಗಿ. ಮೊದಲು ಬಂದ ರಿಚರ್ಡ್ ವರ್ಶೋರ್ ಅವರ ಕಾರಿನಲ್ಲಿ ನಿಯಮಕ್ಕೆ ಹೊಂದದ ತಾಂತ್ರಿಕ ದೋಷ ಕಂಡುಬಂದು ಅವರನ್ನು ಅನರ್ಹಗೊಳಿಸಿದರು. ಮೈನಿಯವರ ಫಾರ್ಮುಲಾ 2ರ ಮೊದಲ ಗೆಲುವು ಹೀಗೆ ಕಾಗದದ ಮೂಲಕ ಬಂತು. 2005ರ ಜೂನಿನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಕಂಪನಿಯ ಟಯರು ಅಪಾಯಕರವೆಂದು 14 ಕಾರುಗಳು ಹಿಂದೆ ಸರಿದು, ಉಳಿದ ಆರೇ ಕಾರುಗಳಲ್ಲಿ ನಾಲ್ಕನೆಯವರಾಗಿ ಕಾರ್ತಿಕೇಯನ್ ಐದು ಅಂಕ ಗಳಿಸಿದರು. ಫಾರ್ಮುಲಾ 1ರಲ್ಲಿ ಭಾರತೀಯನೊಬ್ಬನಿಗೆ ದೊರೆತ ಮೊದಲ ಅಂಕಗಳವು. ಮೊನಾಕೊದ ಗೆಲುವಿಗೂ ಒಂದು ಹಿನ್ನೆಲೆ ಇದೆ. ಫಾರ್ಮುಲಾ 2ರ ಕಿರು ಓಟದಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಹತ್ತನೆಯವನು ಎಲ್ಲರಿಗಿಂತ ಮುಂದೆ. ಮೈನಿಯವರು ಅಂದು ಮುಂದೆ ನಿಂತದ್ದು ಈ ನಿಯಮದಿಂದ. ಮುಂದಿದ್ದವನು ಸದಾ ಮುಂದೆಯೇ ಉಳಿಯುತ್ತಾನೆ, ಹಿಂದಿನವನ ಸಾಮರ್ಥ್ಯ ಬೆಳಕಿಗೆ ಬರುವುದೇ ಇಲ್ಲ ಎಂಬುದನ್ನು ಆ ಆಟವೇ ಒಪ್ಪಿಕೊಂಡು ಮಾಡಿಕೊಂಡ ಏರ್ಪಾಡಿದು.

ಹೀಗೆ ನೋಡಿದರೆ ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂದು ಭಾವಿಸಿ ಜಗಳವಾಡುತ್ತಿದ್ದೇವೆ. ಬಂದವರಲ್ಲಿ ಯಾರು ಚೆನ್ನಾಗಿ ಓಡಿದರು ಎಂಬುದು ಒಂದು. ಬರುವ ಹಕ್ಕು ಅವರಿಗೇ ಏಕೆ ದೊರೆಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗಡಿಯಾರ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಅದು ಮೂಕ. ಗೆದ್ದವನ ದೋಷ, ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೂ ಹಚ್ಚುವುದು: ‘ನಾನು ಗೆದ್ದೆ, ಆದ್ದರಿಂದ ಇದು ನನಗೇ ಸಲ್ಲಬೇಕಾದದ್ದಾಗಿತ್ತು.’ ಹೊರಗೆ ನಿಂತವನ ದೋಷ ಅದರ ತಿರುಗುಮುರುಗು: ‘ಅವನಿಗೆ ಸ್ಥಾನ ಸಿಕ್ಕಿದ್ದು ದುಡ್ಡಿನಿಂದ, ಆದ್ದರಿಂದ ಅವನು ಗೆದ್ದೇ ಇಲ್ಲ.’

ಈ ಗೊಂದಲ ಮೋಟಾರು ಓಟಕ್ಕಷ್ಟೇ ಸೇರಿದ್ದಲ್ಲ. ಆ ಆಟ ನಮಗಿಂತ ಒಂದು ವಿಷಯದಲ್ಲಿ ಪ್ರಾಮಾಣಿಕವೇ, ಬೆಲೆಯನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ವೃತ್ತಿಶಿಕ್ಷಣದ ಸೀಟುಗಳಿಗೆ ಕ್ಯಾಪಿಟೇಷನ್ ಶುಲ್ಕವೆಂಬುದು ಬೆಳೆದಾಗ ಕರ್ನಾಟಕ 1984ರಲ್ಲಿ ಅದನ್ನು ನಿಷೇಧಿಸುವ ಕಾನೂನು ಮಾಡಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂಥ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದಿತು. ಒಳ್ಳೆಯದೇ ಆಯಿತು. ಆದರೆ ಕಾನೂನು ಕಂಡದ್ದು ಮೇಜಿನ ಮೇಲಿಟ್ಟ ಹಣವನ್ನು. ಒಳ್ಳೆಯ ಶಾಲೆ, ಮನೆಪಾಠ, ಓದಲು ಬೇರೆ ಕೋಣೆ, ರಾತ್ರಿ ಹಾಲು ಕಾಯಿಸಿ ತಂದುಕೊಡುವ ತಾಯಿ, ಇವುಗಳ ಬೆಲೆಯನ್ನು ಯಾವ ನ್ಯಾಯಾಲಯ ಕಟ್ಟೀತು? ಅಕ್ಕ ಪಿಯುಸಿಗೇ ಓದು ನಿಲ್ಲಿಸಿ ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದ್ದರಿಂದ ತಮ್ಮ ಎಂಜಿನಿಯರಾದ ಮನೆಗಳು ನಮ್ಮ ನಡುವೆ ಎಷ್ಟಿಲ್ಲ? ತಮ್ಮನ ಅಂಕಗಳು ಅವನವೇ, ಕದ್ದದ್ದಲ್ಲ. ಆದರೆ ಆ ಸೀಟಿನಲ್ಲಿ ಇಬ್ಬರ ಭಾಗವಿತ್ತು, ಕುಳಿತವನು ಒಬ್ಬ. ಸತ್ಕಾರ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡವನೂ ಅವನೊಬ್ಬನೇ.

ಹಾಗಾದರೆ ಅವಕಾಶ ಪಡೆದವನು ತಪ್ಪಿತಸ್ಥನಂತೆ ತಲೆ ತಗ್ಗಿಸಿ ಬದುಕಬೇಕೆ? ನನಗೆ ಹಾಗೆ ತೋರುವುದಿಲ್ಲ. ತಪ್ಪು ಮಾಡಿದವನಿಗೆ ಪ್ರಾಯಶ್ಚಿತ್ತವಿರುತ್ತದೆ. ಉಡುಗೊರೆ ಪಡೆದವನು ತಪ್ಪು ಮಾಡಿದವನಲ್ಲ. ಅವನಿಗೆ ಒಪ್ಪುವ ಮಾತು ನಮ್ಮ ಹಿರಿಯರು ಬಳಸಿದ ‘ಋಣ’ ಎಂಬುದು. ದೇವಋಣ, ಋಷಿಋಣ, ಪಿತೃಋಣವೆಂದು ಅವರು ಎಣಿಸಿದ್ದರಲ್ಲ, ಅದರಲ್ಲೊಂದು ಸೂಕ್ಷ್ಮವಿದೆ. ಋಷಿಯ ಋಣವನ್ನು ಋಷಿಗೇ ಹಿಂದಿರುಗಿಸುವುದಲ್ಲ. ವಿದ್ಯೆಯನ್ನು ಕಲಿತು ಮುಂದಿನವನಿಗೆ ದಾಟಿಸಿದರೆ ಅದು ತೀರುತ್ತದೆ. ತಂದೆಯ ಋಣ ಮಕ್ಕಳನ್ನು ಬೆಳೆಸುವುದರಿಂದ ತೀರುತ್ತದೆ. ಋಣವೆಂಬುದು ಹಿಂದಕ್ಕೆ ಅಲ್ಲ, ಮುಂದಕ್ಕೆ ಸಲ್ಲುವಂಥದು. ಆಸನ ಸಿಗುವ ಮೊದಲು ಅದಕ್ಕೆ ಯಾರೂ ಪೂರ್ತಿ ಅರ್ಹರಲ್ಲ. ಕುಳಿತ ಮೇಲೆ ಮಾಡುವ ಕೆಲಸದಿಂದ, ಎದ್ದ ಮೇಲೆ ಬಿಟ್ಟುಹೋಗುವ ವಸ್ತುವಿನಿಂದ ಅರ್ಹರಾಗಬಹುದು.

ಇದು ಬರೀ ಉಪದೇಶವಲ್ಲ, ನಡೆದು ತೋರಿಸಿದವರಿದ್ದಾರೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಗಿರಣಿ ಉದ್ಯಮದ ಶ್ರೀಮಂತ ಮನೆತನದವರು, ತಾವೇ ಒಳ್ಳೆಯ ಓಟಗಾರರು. ತಮಗೊಂದು ವಿದೇಶೀ ಕಾರು ತರಿಸಿಕೊಂಡು ಸುಮ್ಮನಿರಬಹುದಾಗಿತ್ತು. ಅದರ ಬದಲು 1980ರ ದಶಕದ ಕೊನೆಯಲ್ಲಿ, ಬೀದಿಯಲ್ಲಿ ಓಡುವ ಮಾರುತಿ 800ರ ಎಂಜಿನ್ನನ್ನೇ ಇಟ್ಟು ‘ಫಾರ್ಮುಲಾ ಮಾರುತಿ’ ಎಂಬ ಅಗ್ಗದ ಒಂಟಿ ಆಸನದ ಕಾರನ್ನು ರೂಪಿಸಿ, ಒಂದಲ್ಲ, ಹಲವು ಆಸನಗಳನ್ನು ಮಾಡಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು. ಕಾರ್ತಿಕೇಯನ್ ಮೊದಲು ಓಡಿದ್ದು ಆ ಫಾರ್ಮುಲಾ ಮಾರುತಿಯಲ್ಲಿಯೇ. ಇತ್ತ ಭೀಮಸೇನರು, ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವವನ್ನು ಕಟ್ಟಿದರು. ತಾವು ಹಾಡಲಿಕ್ಕಷ್ಟೇ ಅಲ್ಲ. ಎಷ್ಟೋ ಎಳೆಯ ಕಂಠಗಳಿಗೆ ಅದು ವೇದಿಕೆಯಾಯಿತು. ಒಬ್ಬರು ಹಣವಿದ್ದವರು, ಒಬ್ಬರು ಬರಿಗೈಯಲ್ಲಿ ಹೊರಟವರು. ಋಣ ತೀರಿಸಿದ ರೀತಿ ಒಂದೇ.

ಇದಕ್ಕೆ ಎದುರಾದ ದೃಷ್ಟಾಂತವೂ ಉಂಟು. 2008ರಿಂದ 2018ರವರೆಗೆ ಫೋರ್ಸ್ ಇಂಡಿಯಾ ತಂಡ ಫಾರ್ಮುಲಾ 1ರಲ್ಲಿ ಓಡಿತು. ಹೆಸರಿನಲ್ಲಿ ದೇಶವಿತ್ತು, ಮೈಮೇಲೆ ಕೆಲಕಾಲ ತ್ರಿವರ್ಣವಿತ್ತು. ಒಂದೇ ಒಂದು ಓಟದಲ್ಲೂ ಭಾರತೀಯ ಚಾಲಕ ಅದರಲ್ಲಿ ಕೂರಲಿಲ್ಲ. 2018ರಲ್ಲಿ ಅದು ದಿವಾಳಿಯ ಅಂಚಿಗೆ ಬಂದಾಗ ಕೊಂಡವನೇ ಮೇಲೆ ಹೇಳಿದ ಲಾರೆನ್ಸ್ ಸ್ಟ್ರೋಲ್. ಶೋಧ ನಡೆಸಿದ ತಂಡವೇ ಶೋಧಿಸಿದವರಿಗೆ ಕೊನೆಯ ಮೆಟ್ಟಿಲನ್ನು ಕೊಡಲಾರದೆ ಹೋಯಿತು. ವೇಗದ ಲೆಕ್ಕದಲ್ಲಿ ಅವರ ಆಯ್ಕೆ ಸರಿಯಾಗಿದ್ದಿರಬಹುದು. ಹೆಸರಿನ ಋಣ ಮಾತ್ರ ಹಾಗೆಯೇ ಉಳಿಯಿತು.

‘ತನ್ನ ಕೆಲಸವನ್ನು ಚೆನ್ನಾಗಿ ಮಾಡಿದರೆ ಸಾಲದೆ? ಓಟಗಾರ ಓಡಲಿ, ದಾನಧರ್ಮ ಬೇರೆಯವರು ಮಾಡಲಿ’ ಎಂದು ಕೆಲವರು ಕೇಳಬಹುದು. ಇಪ್ಪತ್ತೈದರ ತರುಣನ ಮೇಲೆ ದೇಶದ ಭಾರ ಹೊರಿಸುವುದು ನ್ಯಾಯವಲ್ಲ, ಒಪ್ಪಿದೆ. ಚೆನ್ನಾಗಿ ಓಡುವುದೇ ಅವನ ಋಣದ ಮೊದಲ ಕಂತು; ಸಿಕ್ಕ ಆಸನದಲ್ಲಿ ಸೋಮಾರಿಯಾದವನು ಕರೆಯಿಲ್ಲದೆ ಉಳಿದ ಆ ಹುಡುಗಿಗೆ ಎರಡು ಪಟ್ಟು ಅನ್ಯಾಯ ಮಾಡಿದಂತೆ. ಆದರೆ ಮೊದಲ ಕಂತು ಕೊನೆಯ ಕಂತಲ್ಲ. ಓಟಗಾರನ ವೃತ್ತಿ ಮೂವತ್ತೈದು ನಲವತ್ತಕ್ಕೆ ಮುಗಿಯುತ್ತದೆ. ಬದುಕು ಮುಂದೆಯೂ ಇರುತ್ತದೆ. ಅಷ್ಟರ ತನಕ ಅವನಿಂದ ಕೇಳಬಹುದಾದದ್ದು ಒಂದೇ: ‘ಎಲ್ಲವೂ ನನ್ನದೇ’ ಎನ್ನದಿರುವುದು.

ಪುಣೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿ ತಂಡಗಳು ವರ್ಷವೆಲ್ಲ ದುಡಿದು ತಾವೇ ಒಂದೊಂದು ಒಂಟಿ ಆಸನದ ಕಾರನ್ನು ಕಟ್ಟಿ, ‘ಫಾರ್ಮುಲಾ ಭಾರತ್’ ಸ್ಪರ್ಧೆಗೆಂದು ಕೊಯಮತ್ತೂರಿಗೆ ಒಯ್ಯುವುದನ್ನು ನಮ್ಮ ಓದುಗರಲ್ಲಿ ಕೆಲವರು ಬಲ್ಲರು. ಅವರ ಮಕ್ಕಳೂ ಆ ತಂಡಗಳಲ್ಲಿ ಇದ್ದಿರಬಹುದು. ಕೊಯಮತ್ತೂರಿನ ಆ ಹಾದಿಗೆ ‘ಕರಿ ಮೋಟಾರ್ ಸ್ಪೀಡ್‌ವೇ’ ಎಂದು ಕರಿವರ್ಧನರ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ಚೌಕಟ್ಟು ಬೆಸೆದವರು, ತಂತಿ ಜೋಡಿಸಿದವರು, ಪ್ರಾಯೋಜಕರ ಬಾಗಿಲು ಕಾದವರು, ಹೀಗೆ ತಂಡದಲ್ಲಿ ಹಲವರು. ಕಾರು ಹೊರಟಾಗ ಒಳಗೆ ಒಬ್ಬ. ಹೊರಗೆ ನಿಂತವರು ಅಸೂಯೆ ಪಡುವುದಿಲ್ಲ, ಏಕೆಂದರೆ ತಾವೇಕೆ ಹೊರಗಿದ್ದೇವೆ, ಅವನೇಕೆ ಒಳಗಿದ್ದಾನೆ ಎಂಬುದು ಎಲ್ಲರಿಗೂ ತಿಳಿದಿದೆ. ಒಳಗಿದ್ದವನೂ ಬೀಗುವುದಿಲ್ಲ, ತಿರುವಿನಲ್ಲಿ ಕಾರು ಹಿಡಿತ ಬಿಡದಿದ್ದರೆ ಅದು ಯಾರ ಕೈಯ ಕೆಲಸವೆಂಬುದು ಅವನಿಗೆ ಗೊತ್ತು.

ಬರುವ ಜೂನಿನಲ್ಲಿ ನಮ್ಮ ಮನೆಗಳಿಗೂ ಸೀಟಿನ ಸುದ್ದಿ ಬರುತ್ತದೆ. ಸಿಹಿ ಹಂಚೋಣ, ಮಕ್ಕಳ ಬೆನ್ನು ತಟ್ಟೋಣ. ಅವರ ಶ್ರಮ ಸುಳ್ಳಲ್ಲ. ಅದರೊಡನೆ ಇನ್ನೊಂದು ಕೆಲಸವನ್ನೂ ಮಾಡಬಹುದು. ಈ ಸೀಟಿಗಾಗಿ ಮನೆಯಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರೆಂಬುದನ್ನು ಮಗನಿಗೋ ಮಗಳಿಗೋ ಹೆಸರು ಹೇಳಿ ತಿಳಿಸುವುದು. ಆ ಪಟ್ಟಿಯಲ್ಲಿ ಅಕ್ಕನ ಹೆಸರಿದ್ದರೆ ಅದನ್ನು ಮೊದಲು ಹೇಳುವುದು.